ಎರಡು ನೂಲಿನ ತಪ್ಪು

ಚೇತನಾ, ನಿನ್ನ ಕಿವಿಯಲ್ಲಿ ಯಾವತ್ತೂ ತಪ್ಪಿರಲಿಲ್ಲ. ತಪ್ಪಿದ್ದದ್ದು ನಾನು ಮಾಡಿಕೊಟ್ಟ ಗಿಟಾರಿನಲ್ಲಿ. ಅದು ನನಗೆ ಎಂಟು ವರ್ಷದಿಂದ ಗೊತ್ತು. ಗೊತ್ತಾದ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಬರೀ ಸುಮ್ಮನಿದ್ದಿದ್ದರೆ ಇಷ್ಟು ದೊಡ್ಡದಾಗುತ್ತಿರಲಿಲ್ಲವೇನೋ—ನಾನು ಗುಟ್ಟಾಗಿ ಅದನ್ನು ಸರಿಮಾಡಿ, ಸರಿಹೋದದ್ದು ನಿನ್ನ ಕಿವಿ ಎಂದು ನಿನ್ನನ್ನೇ ನಂಬಿಸಿದೆ.

ಇಷ್ಟು ಬರೆಯುವುದಕ್ಕೆ ಮೂರು ಹಾಳೆ ಹರಿದು ಹಾಕಿದ್ದೇನೆ. ಮೊದಲನೆಯದು ‘ಚಿರಂಜೀವಿ ಚೇತನಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು’ ಎಂದು ಶುರುವಾಗಿತ್ತು. ತಪ್ಪೊಪ್ಪಿಕೊಳ್ಳಲು ಕೂತವನಿಗೆ ಆಶೀರ್ವಾದ ಮಾಡುವ ದೊಡ್ಡಸ್ತಿಕೆ ಏಕೆ ಎಂದು ಹರಿದೆ. ಎರಡನೆಯದರಲ್ಲಿ ನಿನ್ನ ದೊಡ್ಡಮ್ಮನ ಮಂಡಿನೋವೇ ಮುಕ್ಕಾಲು ಪುಟ ತುಂಬಿತು. ಮೂರನೆಯದರಲ್ಲಿ ಫೌಂಡ್ರಿಯಲ್ಲಿ ಕಳೆದ ಮೂವತ್ತಾರು ವರ್ಷ, ಪಟ್ಟ ಪಾಡು, ಉಳಿಸಿಕೊಂಡ ಮರ್ಯಾದೆ, ಅದೂ ಇದೂ—ಓದಿ ನೋಡಿದರೆ ನಾನು ಅಯ್ಯೋ ಪಾಪ ಎನ್ನಬೇಕಾದ ಮನುಷ್ಯ ಎನ್ನುವ ಹಾಗಿತ್ತು. ಅದನ್ನೂ ಹರಿದೆ. ಇದು ನಾಲ್ಕನೆಯದು, ಇದನ್ನು ಹರಿಯುವುದಿಲ್ಲ.

ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ನೀನು ನಿನ್ನ ಗೆಳತಿಯರಿಗೆ ಹೇಳುತ್ತಿದ್ದ ರೀತಿ ನನಗೆ ಬಹಳ ಇಷ್ಟ. ಕಬ್ಬಿಣದಲ್ಲಿ ಏನೇ ಮಾಡುವುದಿದ್ದರೂ ಮೊದಲು ಅದನ್ನು ನಮ್ಮ ದೊಡ್ಡಪ್ಪ ಮರದಲ್ಲಿ ಮಾಡಬೇಕು ಎನ್ನುತ್ತಿದ್ದೆ. ಅಷ್ಟೇ ನೋಡು. ಮರದಲ್ಲಿ ಮಾದರಿ ಮಾಡಿ ಕೊಟ್ಟರೆ ಅದನ್ನು ಮರಳಿನಲ್ಲಿ ಒತ್ತಿ, ಮೂಡಿದ ಗುಳಿಯಲ್ಲಿ ಕಾದ ಕಬ್ಬಿಣ ಎರಕ ಹೊಯ್ಯುತ್ತಾರೆ. ಮಾದರಿ ತಪ್ಪಿದರೆ ಹೊಯ್ದ ಕಬ್ಬಿಣವೆಲ್ಲ ದಂಡ. ನನ್ನ ಕೈಯಿಂದ ಹೋದ ಮಾದರಿ ಒಂದೂ ತಿರುಗಿ ಬಂದಿರಲಿಲ್ಲ. ಇದನ್ನು ನಾನು ಮದುವೆ ಮನೆಗಳಲ್ಲೂ ಹೇಳಿಕೊಂಡು ತಿರುಗಿದವನು, ನಿನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆತನದಲ್ಲಿ ಯಾರ ಮನೆಯ ಬಾಗಿಲು ಬಿಗಿಯಾದರೂ, ಕಿಟಕಿ ಸಡಿಲವಾದರೂ ಅಳತೆಗೆ ನನ್ನನ್ನೇ ಕರೆಯುತ್ತಿದ್ದರು.

ರಿಟೈರಾದ ಮೇಲೆ ಭದ್ರಾವತಿಯ ಮನೆಯ ಹಿಂದೆ ಶೀಟು ಹೊದಿಸಿಕೊಂಡು ಉಳಿ, ಗರಗಸ, ಕೀಸುಳಿ ಎಲ್ಲ ಜೋಡಿಸಿಟ್ಟೆ. ಜೋಡಿಸಿಟ್ಟದ್ದೇ ಬಂತು, ಮಾಡುವುದಕ್ಕೆ ಕೆಲಸವಿರಲಿಲ್ಲ. ನೀನಾಗ ಶಿವಮೊಗ್ಗದಲ್ಲಿ ಡಿಗ್ರಿ ಎರಡನೇ ವರ್ಷ. ಒಂದು ದಿನ ಬಂದವಳು ಫೋನಿನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಚಿತ್ರ ತೋರಿಸಿ, ಇದೂ ಮರದ್ದೇ ಅಲ್ಲವಾ, ನಿಮ್ಮ ಕೈಲಿ ಆಗಲ್ಲವಾ ಎಂದೆ. ನೋಡೋಣ ಎಂದೆ ನಾನು. ದೊಡ್ಡವರು ನೋಡೋಣ ಎಂದರೆ ಆಗುವುದಿಲ್ಲ ಎಂದರ್ಥ. ಲೋಕಕ್ಕೆಲ್ಲ ಗೊತ್ತಿರುವ ಈ ಸಂಗತಿ ನಿನಗೆ ಮಾತ್ರ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಕಾಗದದ ನಕ್ಷೆ ಸುತ್ತಿ ಹಿಡಿದುಕೊಂಡು ಬಸ್ಸಿಳಿದು ಬಂದೇಬಿಟ್ಟೆ.

ಆಮೇಲೆ ಏಳು ತಿಂಗಳು—ನನ್ನ ಬದುಕಿನಲ್ಲಿ ಅಷ್ಟು ಖುಷಿಯ ಏಳು ತಿಂಗಳು ಇನ್ನೊಂದಿಲ್ಲ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೂ ನಿಜ. ಆಯನೂರಿನ ನೆಂಟರ ಮನೆಯಲ್ಲಿ ಬಿಚ್ಚಿ ಒರಗಿಸಿಟ್ಟಿದ್ದ ಹಳೆಯ ಬಾಗಿಲಿನಿಂದ ಗಿಟಾರಿನ ಒಡಲಿಗೆ ಹಲಸಿನ ಹಲಗೆ ತಂದೆವು. ಎಡಗೈಯಲ್ಲಿ ಹಿಡಿಯುವ ಉದ್ದನೆಯ ನೆಕ್ಕಿಗೆ ನನ್ನ ಹತ್ತಿರವೇ ಸಾಗುವಾನಿ ಇತ್ತು. ಅದರ ಮೇಲೆ ಅಂಟಿಸುವ ಪಟ್ಟಿಗೆ, ಮುರಿದ ಮಂಚದ ಬೀಟೆಯ ಅಡ್ಡಪಟ್ಟಿ. ನೀನು ಉಪ್ಪುಕಾಗದ ಹಿಡಿದು ಹಲಸನ್ನು ಉಜ್ಜಿ ಉಜ್ಜಿ, ಹುಬ್ಬಿನಿಂದ ಜಡೆಯ ತುದಿಯವರೆಗೆ ಹಳದಿಯಾಗಿ ಒಳಗೆ ಬಂದರೆ, ದೊಡ್ಡಮ್ಮ ಅರಿಶಿನದ ಶಾಸ್ತ್ರ ಮುಗಿಯಿತಾ, ಗಂಡು ಯಾವೂರು ಎಂದು ಕೇಳುತ್ತಿದ್ದಳು. ಮಂಡಕ್ಕಿಯ ತಟ್ಟೆಯಲ್ಲೂ ಮರದ ಹುಡಿ.

ನೆಕ್ಕಿನ ಬೆನ್ನನ್ನು ದುಂಡಗೆ ಕೀಸಿದ ದಿನಗಳು ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುತ್ತವೆ. ಅಲ್ಲಿ ಸ್ಕೇಲು ನಡೆಯುವುದಿಲ್ಲ, ನಿನ್ನ ಕೈಯೇ ಅಳತೆ. ನಾನು ಒಂದು ಪದರ ಕೀಸಿ ಕೊಡುವುದು, ನೀನು ಕಣ್ಣು ಮುಚ್ಚಿ ಹಿಡಿದು, ಹೆಬ್ಬೆರಳಿನ ಹತ್ತಿರ ಒಂಚೂರು ಜಾಸ್ತಿ ಇದೆ ಎನ್ನುವುದು. ನಾನು ಕಾಗದದಷ್ಟು ತೆಗೆಯುವುದು. ಒಮ್ಮೆ ನಿನ್ನನ್ನು ಪರೀಕ್ಷಿಸೋಣ ಎಂದು ಏನೂ ಕೀಸದೆ, ಕೀಸಿದ ಹಾಗೆ ಶಬ್ದ ಮಾಡಿ ಹಾಗೇ ಕೊಟ್ಟೆ. ನೀನು ಹಿಡಿದು ನೋಡಿ, ದೊಡ್ಡಪ್ಪ ಮೋಸ ಮಾಡಬೇಡಿ ಎಂದು ವಾಪಸ್ ಕೊಟ್ಟೆ. ಕಾಗದದಷ್ಟು ವ್ಯತ್ಯಾಸ ಕೈಗೆ ತಿಳಿಯುವ ಹುಡುಗಿ ನೀನು. ಆ ಹುಡುಗಿಗೆ ನಾನು ಮುಂದೆ ಹೇಳಿದ ಮಾತು—ಬರುತ್ತೇನೆ, ಅಲ್ಲಿಗೇ ಬರುತ್ತಿದ್ದೇನೆ.

ಫ್ರೆಟ್‌ಗಳನ್ನು, ಅಂದರೆ ತಂತಿಯ ಕೆಳಗೆ ಅಡ್ಡಡ್ಡ ಕೂರುವ ಆ ಲೋಹದ ಕಂಬಿಗಳನ್ನು, ಕೂರಿಸಲು ಬೀಟೆಯಲ್ಲಿ ಗೀರು ಕೊಯ್ಯುವ ವಾರ ನೀನು ಬಂದಿರಲಿಲ್ಲ, ಪರೀಕ್ಷೆ ಇತ್ತು. ನಾನೊಬ್ಬನೇ ನಕ್ಷೆ ಹರಡಿ, ಗೋಡೆಯ ಮೊಳೆಯಿಂದ ನನ್ನ ಉಕ್ಕಿನ ಸ್ಕೇಲು ತೆಗೆದುಕೊಂಡೆ. ಪಕ್ಕದಲ್ಲೇ ಇನ್ನೊಂದು ಸ್ಕೇಲು ಇತ್ತು. ಕೈ ಹೋದದ್ದು ಹಳೆಯದಕ್ಕೆ. ಮೂವತ್ತಾರು ವರ್ಷ ಅದನ್ನೇ ಹಿಡಿದ ಕೈ. ಅದರ ಗೆರೆಗಳು ಕೂದಲಿನಷ್ಟು ಸಣ್ಣ, ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸುವ ಸ್ಕೇಲು. ಇಪ್ಪತ್ತೆರಡು ಗೀರುಗಳನ್ನು ಎರಡೆರಡು ಸಲ ಅಳೆದು ಕೊಯ್ದೆ.

ಬಣ್ಣ ಹೊಡೆದದ್ದು ಮಲವಗೊಪ್ಪದ ಅನ್ವರ್. ಸ್ಕೂಟರು, ಬೈಕುಗಳಿಗೆ ಸ್ಪ್ರೇ ಹೊಡೆಯುವ ಅವನ ಶೆಡ್ಡಿಗೆ ನೀನು ನಿಮ್ಮಪ್ಪನ ಹಳೇ ಸ್ಕೂಟರಿನ ಡಿಕ್ಕಿಯ ಮುಚ್ಚಳವನ್ನೇ ಬಿಚ್ಚಿಕೊಂಡು ಹೋಗಿ, ಇದೇ ಹಸಿರು ಬೇಕು ಎಂದಿದ್ದೆ. ಅವನು ನಾಲ್ಕು ಸಲ ಬಣ್ಣ ಕಲೆಸಿದ. ಮುಚ್ಚಳವಿಲ್ಲದ ಸ್ಕೂಟರು ಓಡಿಸಬೇಕಾಯಿತೆಂದು ನನ್ನ ತಮ್ಮ ನನ್ನ ಮೇಲೆ ಮುನಿಸಿಕೊಂಡಿದ್ದ. ಬಣ್ಣ ಒಣಗಿದ ಮೇಲೆ, ತಂತಿಗಳ ಕೆಳತುದಿ ಕೂರುವ ಬ್ರಿಜ್ಜಿಗೆ ತೂತು ಹೊಡೆಯುವ ಕೆಲಸ ಅಲ್ಲೇ ಮುಗಿಸಿದೆ, ಅನ್ವರನ ಹತ್ತಿರ ಸ್ಟ್ಯಾಂಡಿನ ಡ್ರಿಲ್ಲು ಇತ್ತು. ಅಳತೆಗೆ ಅವನ ಸ್ಕೇಲು. ತಂತಿಯ ಮೇಲ್ತುದಿಯಿಂದ ಇಪ್ಪತ್ತೈದೂವರೆ ಅಂಗುಲ, ನಕ್ಷೆಯಲ್ಲಿದ್ದಷ್ಟೇ.

ನೀನು ಅದನ್ನು ಮೊದಲ ಸಲ ನುಡಿಸಿದ ಸಂಜೆ ದೊಡ್ಡಮ್ಮ ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆತು ಬಂದು ನಿಂತಿದ್ದಳು. ಹಾಲು ಉಕ್ಕಿಹೋಯಿತು, ಬೈದುಕೊಳ್ಳಲಿಲ್ಲ. ನಾನು ಹೊರಗೆ ಹೋಗಿ ಸುಮ್ಮನೆ ಗಿಡಕ್ಕೆ ನೀರು ಹಾಕಿದೆ. ಅಳು ಬಂದಿತ್ತು, ಅದಕ್ಕೆ.

ಹದಿನೈದು ದಿನ ಕಳೆದು ನೀನು ಗಿಟಾರು ಹೊತ್ತುಕೊಂಡು ಬಂದೆ. ಮುಖ ಸಪ್ಪಗಿತ್ತು. ಹೇಳಲೋ ಬೇಡವೋ ಎಂದು ಎರಡು ಲೋಟ ಕಾಫಿ ಕುಡಿದು ಆಮೇಲೆ ಹೇಳಿದೆ. ಕೆಳಗಿನ ನಾಲ್ಕೈದು ಫ್ರೆಟ್ಟಿನವರೆಗೆ ಪರವಾಗಿಲ್ಲ, ಮೇಲೆ ಮೇಲೆ ಹೋದ ಹಾಗೆ ಸ್ವರ ಇರಬೇಕಾದ್ದಕ್ಕಿಂತ ಏರುತ್ತದೆ, ಹನ್ನೆರಡರ ಆಚೆಗಂತೂ ಕೇಳುವುದಕ್ಕೇ ಆಗುವುದಿಲ್ಲ ಎಂದೆ. ಬ್ರಿಜ್ಜಿನ ಪುಟ್ಟ ಸ್ಕ್ರೂಗಳನ್ನು ಕೊನೆ ಮುಟ್ಟುವವರೆಗೆ ನೀನೇ ತಿರುಗಿಸಿ ನೋಡಿದ್ದೆ, ಸಾಲಲಿಲ್ಲ. ಸ್ವರ ಅಳೆಯುವ ಫೋನಿನ ಟ್ಯೂನರೂ ನಿನ್ನ ಪರವಾಗಿಯೇ ಇತ್ತು. ಅಷ್ಟೆಲ್ಲ ಹೇಳಿ, ಬಹಳ ಮೆಲ್ಲಗೆ, ‘ಒಂದ್ಸಲ ಅಳತೆ ನೋಡೋಣ್ವಾ ದೊಡ್ಡಪ್ಪ?’ ಅಂದೆ.

ಆ ಮಾತು ಕೇಳಿ ನನಗೆ ಮೈ ಉರಿಯಿತು. ನಾನು ಗಿಟಾರು ಕಿತ್ತುಕೊಂಡು ತಂತಿಯನ್ನು ಬೇಕೆಂದೇ ಗಟ್ಟಿಯಾಗಿ ಒತ್ತಿದೆ. ಟ್ಯೂನರಿನ ಮುಳ್ಳು ಅತ್ತ ಓಡಿತು. ನೋಡು, ಬೆರಳು ಒತ್ತಿದಷ್ಟೂ ಸ್ವರ ಏರುತ್ತದೆ, ನಿನ್ನದು ಒರಟು ಕೈ ಎಂದೆ. ಒತ್ತಿದರೆ ಏರುವುದು ನಿಜ. ಆ ನಿಜವನ್ನು ತಂದು ಈ ತಪ್ಪಿನ ಮೇಲೆ ಮುಚ್ಚಿದೆ. ನೀನು ಆಗಲೂ, ಕೇಳಿದರೆ ಗೊತ್ತಾಗುತ್ತಲ್ಲ ದೊಡ್ಡಪ್ಪ ಎಂದೆ. ಆಗ ನಾನು ಅಂದದ್ದು ಇದು: ‘ಚೇತು, ನನ್ನ ಅಳತೆ ತಪ್ಪಲ್ಲ. ನಿನ್ನ ಕಿವಿ ಸರಿಯಿಲ್ಲ.’

ನೀನು ಸರಿ ಎಂದು ತಲೆ ಅಲ್ಲಾಡಿಸಿ, ಗಿಟಾರನ್ನು ಚೀಲಕ್ಕೆ ಹಾಕಿ, ದೊಡ್ಡಮ್ಮ ಕಟ್ಟಿಕೊಟ್ಟ ರೊಟ್ಟಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ನೀನು ನಂಬಿದ್ದೆ. ಅಳತೆ ಅಂದರೆ ದೊಡ್ಡಪ್ಪ ಎಂದು ತೊಟ್ಟಿಲಿನಿಂದ ಕೇಳಿದವಳು, ನಂಬದೆ ಇನ್ನೇನು ಮಾಡುತ್ತೀಯ?

ಆಮೇಲೆ ನಾಲ್ಕು ತಿಂಗಳು. ಕಾಲೇಜಿನ ಬ್ಯಾಂಡಿನಲ್ಲಿ ಮುಂದೆ ನಿಂತು ರಾಗ ನುಡಿಸುವ ಲೀಡ್ ಗಿಟಾರು ನಿನ್ನದೆಂದು ಮಾತಾಗಿತ್ತು. ನೀನೇ ಬೇಡವೆಂದು ಬಿಟ್ಟುಕೊಟ್ಟು, ಹಿಂದೆ ನಿಂತು ಬರೀ ತಾಳಕ್ಕೆ ಕಾರ್ಡ್ ಬಾರಿಸುವ ಜಾಗಕ್ಕೆ ಹೋದೆ. ಏಕೆಂದು ಕೇಳಿದ ನಿಮ್ಮಪ್ಪನಿಗೆ, ನನಗೆ ಕಿವಿ ಸಾಲದು, ಕಲಿಯಬೇಕು ಎಂದಿದ್ದೆಯಂತೆ. ಅವನು ನನಗೆ ಫೋನಿನಲ್ಲಿ ಹೇಳಿದಾಗ ನಾನು—ಇದನ್ನೂ ಬರೆಯುತ್ತೇನೆ—ಒಳ್ಳೆಯದೇ ಆಯಿತು, ಹುಡುಗಿಗೆ ಸ್ವಲ್ಪ ವಿನಯ ಬಂತು ಎಂದೆ.

ಇಲ್ಲಿಯವರೆಗೆ ನಾನು ಮಾಡಿದ್ದು ಅಹಂಕಾರ. ತಪ್ಪು ಎಲ್ಲಿದೆ ಎಂದು ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಾದದ್ದು ಅಡುಗೆಮನೆಯಲ್ಲಿ.

ಡಬ್ಬಿಗಳನ್ನಿಡಲು ಗೂಡಿಗೊಂದು ಹಲಗೆ ಬೇಕು ಎಂದು ದೊಡ್ಡಮ್ಮ ವರ್ಷದಿಂದ ಕೇಳುತ್ತಿದ್ದಳು. ಮೂರಡಿ ಹಲಗೆ. ಅಳೆದು ಕೊಯ್ದು ತಂದು ಕೂರಿಸಿದರೆ ಒಳಗೇ ಹೋಗದು, ಮೂರು ನೂಲು ಉದ್ದ. ಅಂಗುಲಕ್ಕೆ ಎಂಟು ನೂಲು, ನಿನಗೆ ಹೇಳಿಕೊಟ್ಟಿದ್ದೆನಲ್ಲ. ‘ಊರಿಗೆಲ್ಲ ಅಳತೆ ಹೇಳೋ ಯಜಮಾನ್ರು ನಮ್ಮ ಮನೆ ಹಲಗೆ ಅಳೆಯೋಕೆ ಆಗ್ಲಿಲ್ಲ’ ಎಂದು ಅವಳು ನಕ್ಕಳು. ಏನಾಯಿತೆಂದು ನನಗೆ ತಕ್ಷಣ ಹೊಳೆಯಿತು, ನಾನೂ ನಕ್ಕೆ. ನನ್ನ ಹಳೆಯ ಸ್ಕೇಲಿನ ಕೆಲಸ ಅದು. ಅದು ಎಲ್ಲರ ಸ್ಕೇಲಿನಂಥದ್ದಲ್ಲ ಚೇತನಾ. ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ, ಅಡಿಗೆ ಒಂದು ನೂಲಿನಷ್ಟು. ಅದಕ್ಕೇ ನಾವು ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುತ್ತ ಕೂರಬಾರದೆಂದು ಸ್ಕೇಲನ್ನೇ ಹಿಗ್ಗಿಸಿ ಗೆರೆ ಕೊರೆದಿರುತ್ತಾರೆ. ಅದರ ಒಂದು ಅಡಿ ಎಂದರೆ ಅಡಿಯ ಮೇಲೊಂದು ನೂಲು. ಫೌಂಡ್ರಿಯಲ್ಲಿ ಅದೇ ಸರಿ. ಅಡುಗೆಮನೆಯಲ್ಲಿ ಅದೇ ತಪ್ಪು.

ನಗುತ್ತ ನಗುತ್ತಲೇ ನನಗೆ ಗಿಟಾರು ನೆನಪಾಯಿತು. ನಗು ಅಲ್ಲಿಗೇ ನಿಂತಿತು. ಇಪ್ಪತ್ತೆರಡು ಗೀರು ಕೊಯ್ದದ್ದು ಈ ಸ್ಕೇಲಿನಲ್ಲಿ. ಬ್ರಿಜ್ಜು ಕೂರಿಸಿದ್ದು ಅನ್ವರನ ಸ್ಕೇಲಿನಲ್ಲಿ. ಎರಡನ್ನೂ ಒಂದೇ ಸ್ಕೇಲಿನಲ್ಲಿ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ, ಗಿಟಾರು ಒಂಚೂರು ಉದ್ದವಾಗುತ್ತಿತ್ತು ಅಷ್ಟೆ. ಈಗ ಫ್ರೆಟ್‌ಗಳ ಅಂತರವೆಲ್ಲ ಹಿಗ್ಗಿದೆ, ಬ್ರಿಜ್ಜು ಎರಡು ನೂಲು ಮುಂದೆ ಕೂತಿದೆ. ಮೇಲೆ ಹೋದಷ್ಟೂ ಸ್ವರ ಏರಲೇಬೇಕು. ನೀನು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಹಲಗೆ ಕೈಯಲ್ಲೇ ಇತ್ತು, ದೊಡ್ಡಮ್ಮ ಯಾಕ್ರೀ ಬೆವರ್ತಿದ್ದೀರಿ ಎಂದು ಕೇಳುತ್ತಿದ್ದಳು.

ಆಗ ಫೋನ್ ಮಾಡಬಹುದಿತ್ತು. ಒಂದೇ ವಾಕ್ಯ ಸಾಕಿತ್ತು, ಮಾರಾಯ್ತಿ ನೀನೇ ಸರಿ ಕಣೇ ಎಂದು. ನೀನು ನಕ್ಕುಬಿಡುತ್ತಿದ್ದೆ, ವರ್ಷವಿಡೀ ನನ್ನನ್ನು ರೇಗಿಸುತ್ತಿದ್ದೆ, ಮುಗಿಯುತ್ತಿತ್ತು. ನಾನು ಫೋನ್ ಮಾಡಿದೆ, ಹೇಳಿದ್ದು ಬೇರೆ. ಪಾಲಿಶ್ ಮಂಕಾಗಿರುತ್ತದೆ, ಗಿಟಾರು ತಂದುಕೊಡು, ಒಂದು ಕೈ ಉಜ್ಜಿಕೊಡುತ್ತೇನೆ ಎಂದೆ.

ಬ್ರಿಜ್ಜು ಬಿಚ್ಚಿ, ಹಳೆಯ ತೂತುಗಳಿಗೆ ಸಾಗುವಾನಿಯ ಬೆಣೆ ಬಡಿದು, ಎರಡು ನೂಲು ಹಿಂದಕ್ಕೆ ಹೊಸ ತೂತು ಹೊಡೆದೆ. ಅಂಚಿನಲ್ಲಿ ಕಾಣುವ ಗುರುತಿಗೆ ಬಣ್ಣ ಹಚ್ಚಲು ಅನ್ವರನ ಹತ್ತಿರ ಹೋದೆ. ಅವನು ಬೆಣೆಗಳನ್ನು ನೋಡಿದ, ನನ್ನ ಮುಖ ನೋಡಿದ. ನೀನು ಅವನ ಮುಂದೆಯೂ ನಿನ್ನ ಕಿವಿಯನ್ನೇ ಹಳಿದುಕೊಂಡಿದ್ದೆಯಂತೆ. ‘ಮಗೂಗೆ ಹೇಳಿದ್ರಾ ಅಣ್ಣಾ?’ ಎಂದ. ಹೇಳುತ್ತೇನೆ ಎಂದೆ. ಅವನು ಮತ್ತೆ ಆ ಮಾತೆತ್ತಲಿಲ್ಲ. ಸಿಕ್ಕಾಗಲೆಲ್ಲ ನಿನ್ನ ಕ್ಷೇಮ ವಿಚಾರಿಸುತ್ತಾನೆ, ನಾನು ಬೇಗ ಬೇಗ ಉತ್ತರ ಕೊಟ್ಟು ಹೊರಡುತ್ತೇನೆ.

ನೀನು ಬಂದು ಗಿಟಾರು ತೆಗೆದುಕೊಂಡು, ಹನ್ನೆರಡನೇ ಫ್ರೆಟ್ಟಿಗೆ ಕೈ ಹಾಕಲು ಹೆದರಿದೆ. ನಾನು ನೋಡುತ್ತಿದ್ದೆ. ಕೊನೆಗೆ ನೀನು ಹಾಕಿದೆ. ಇನ್ನೂ ಮೇಲೆ ಹೋದೆ. ನಿನ್ನ ಮುಖ ಅರಳಿದ್ದು—ಅದನ್ನು ನೋಡಿದಾಗಲೂ ನಾನು ಬಾಯಿ ಬಿಡಲಿಲ್ಲವಲ್ಲ. ‘ದೊಡ್ಡಪ್ಪ, ಈಗ ಸರಿಯಾಗಿ ಕೇಳ್ತಿದೆ’ ಎಂದೆ. ನಾನು ಕೆಮ್ಮಿ, ‘ನಾಲ್ಕು ತಿಂಗಳು ಅಭ್ಯಾಸ ಮಾಡಿದ್ಯಲ್ಲ, ಕಿವಿ ಪಳಗಿದೆ’ ಎಂದೆ. ಮೊದಲ ಮಾತಿಗಾದರೂ ನನಗೆ ಗೊತ್ತಿರಲಿಲ್ಲ ಎನ್ನಬಹುದು. ಈ ಮಾತಿಗೆ ಹಾಗೆನ್ನಲಾರೆ. ನಿಜ ಏನೆಂದು ಗೊತ್ತಿದ್ದು, ನಿನ್ನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದ ಸುಳ್ಳು ಅದು. ನೀನು ಬಗ್ಗಿ ನನ್ನ ಕಾಲು ಮುಟ್ಟಿದೆ. ನಾನು ಮುಟ್ಟಿಸಿಕೊಂಡೆ.

ಈಗ ಶಿವಮೊಗ್ಗದ ರವೀಂದ್ರನಗರದ ಮಹಡಿಯ ಕೋಣೆಯಲ್ಲಿ ನಿನ್ನ ಗಿಟಾರು ಕ್ಲಾಸು ನಡೆಯುತ್ತದೆ. ಹೊಸ ಮಕ್ಕಳು ಸೇರಿದಾಗಲೆಲ್ಲ ನೀನು ಅವರಿಗೊಂದು ಕತೆ ಹೇಳುತ್ತೀಯ. ನನಗೆ ಮೊದಲು ಕಿವಿಯೇ ಇರಲಿಲ್ಲ, ಒಳ್ಳೆಯ ಗಿಟಾರನ್ನು ಕೆಟ್ಟದೆಂದು ಹೇಳಿದ್ದೆ, ನಮ್ಮ ದೊಡ್ಡಪ್ಪ ಬೈಯದೆ ತಿದ್ದಿದರು, ಹಾಗೆ ನೀವೂ ಕಲಿಯಬಹುದು ಎಂದು. ಎರಡು ಸಲ ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಕೇಳಿದ್ದೇನೆ. ಮಕ್ಕಳು ತಿರುಗಿ ನನ್ನನ್ನು ನೋಡಿ ನಮಸ್ಕಾರ ಮಾಡಿದರು. ನಾನೂ ಕೈ ಮುಗಿದೆ. ಎಂಥ ಮನುಷ್ಯ ನಾನು, ಯೋಚನೆ ಮಾಡು. ನೀನು ಪ್ರೀತಿಯಿಂದ ಕಟ್ಟಿದ ಕತೆ ಅದು, ಒಡೆಯಲು ಮನಸ್ಸು ಬರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೇನಿಲ್ಲ. ಆ ಕತೆಯಲ್ಲಿ ನಾನು ಚೆನ್ನಾಗಿ ಕಾಣುತ್ತಿದ್ದೆ, ಅಷ್ಟೆ.

ಆ ಕತೆ ಬರೀ ಕತೆಯಾಗಿದ್ದರೆ ಬಹುಶಃ ನಾನು ಸಾಯುವವರೆಗೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ. ಆದರೆ ಮೊನ್ನೆ ನಿಮ್ಮಪ್ಪ ಹೇಳಿದ. ಮೈಸೂರಿನ ತಂಡದವರು ತಮ್ಮದೇ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದಾರೆ, ನೀನು ನುಡಿಸಿದ್ದನ್ನು ಕೇಳಿ ಲೀಡ್ ಗಿಟಾರಿಗೆ ನಿನ್ನನ್ನೇ ಕರೆದಿದ್ದಾರೆ, ನೀನು ಒಲ್ಲೆ ಎಂದಿದ್ದೀಯ, ಭಾನುವಾರದವರೆಗೆ ಯೋಚಿಸಿ ಹೇಳಿ ಎಂದು ಅವರು ಕಾದಿದ್ದಾರೆ. ನಾನು ನಿನಗೇ ಫೋನ್ ಮಾಡಿ ಏಕೆ ಎಂದು ಕೇಳಿದೆ. ನೀನು ನಗುತ್ತಲೇ ಹೇಳಿದೆ: ‘ಸ್ಟೇಜ್ ಮೇಲಾದ್ರೆ ಹೇಗೋ ಸುಧಾರಿಸ್ತೀನಿ ದೊಡ್ಡಪ್ಪ. ರೆಕಾರ್ಡಿಂಗ್‌ನಲ್ಲಿ ನನ್ನ ಕಿವಿ ನಂಬ್ಕೊಂಡು ಹೋಗೋಕಾಗುತ್ತಾ? ನಿಮಗೇ ಗೊತ್ತಲ್ಲ.’

ನಿಮಗೇ ಗೊತ್ತಲ್ಲ ಎಂದೆ. ಗೊತ್ತು ಚೇತನಾ. ಈ ಲೋಕದಲ್ಲಿ ನನಗೊಬ್ಬನಿಗೇ ಚೆನ್ನಾಗಿ ಗೊತ್ತು. ಹತ್ತೊಂಬತ್ತು ವರ್ಷದ ಹುಡುಗಿ ಎರಡು ನೂಲಿನ ತಪ್ಪನ್ನು ಬರೀ ಕಿವಿಯಲ್ಲಿ ಹಿಡಿದಿದ್ದಳು. ನಾನು ಮೂವತ್ತಾರು ವರ್ಷದ ಅನುಭವ ಇಟ್ಟುಕೊಂಡು, ಸ್ಕೇಲು ಕೈಯಲ್ಲಿ ಹಿಡಿದುಕೊಂಡು ಹಿಡಿಯಲಾರದೆ ಹೋದೆ. ಆ ಕಿವಿಯನ್ನು ನಾನು ನಿನ್ನಿಂದ ಎಂಟು ವರ್ಷ ದೂರ ಇಟ್ಟೆ. ಈಗಲೂ ನೀನು ಒಂದೊಂದು ಸ್ವರಕ್ಕೂ ಫೋನು ತೆಗೆದು ಟ್ಯೂನರು ನೋಡುತ್ತೀಯಲ್ಲ, ಅದನ್ನು ಕಂಡಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ಏಕೆ ಹೀಗೆ ಮಾಡಿದೆ ಎಂದು ಬರೆಯಬಹುದು. ಅದಕ್ಕೇ ಒಂದು ಹಾಳೆ ಹರಿದದ್ದು. ಒಂದು ಮಾದರಿಯೂ ತಿರುಗಿ ಬಾರದ ಮನುಷ್ಯನ ಹತ್ತಿರ, ಅವನು ಎಲ್ಲಕ್ಕಿಂತ ಪ್ರೀತಿಯಿಂದ ಮಾಡಿದ ಒಂದೇ ಒಂದು ವಸ್ತು ತಿರುಗಿ ಬಂತು… ಬೇಡ, ಇದು ಕಾರಣ ಹೇಳುವುದಾಗುತ್ತದೆ. ನಿನ್ನನ್ನು ನಾನು ಮಗಳಿಗಿಂತ ಹೆಚ್ಚಾಗಿ ಪ್ರೀತಿಸಿದೆ. ನನ್ನ ಹೆಸರನ್ನು ಅದಕ್ಕಿಂತ ಒಂದು ಕೂದಲು ಜಾಸ್ತಿ ಪ್ರೀತಿಸಿದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನೀನು ಓದುವಾಗ ಎದುರಿಗೆ ನಿಂತಿರುತ್ತೇನೆ. ನಂಬಿಕೆ ಬರದಿದ್ದರೆ ಬ್ರಿಜ್ಜು ಬಿಚ್ಚಿ ನೋಡು, ಕೆಳಗೆ ನನ್ನ ಬೆಣೆಗಳು ಹಾಗೇ ಇವೆ. ಮಧ್ಯಾಹ್ನ ಮಕ್ಕಳು ಬಂದಾಗ ಅವರಿಗೆ ನಿಜ ಏನೆಂದು ನಾನೇ ಹೇಳುತ್ತೇನೆ. ನೀನು ಬೇಡವೆನ್ನುತ್ತೀಯ, ಆದರೂ ಹೇಳುತ್ತೇನೆ. ದೊಡ್ಡಮ್ಮನಿಗೆ ಇವತ್ತೇ ಹೇಳಿಯಾಯಿತು. ಅವಳು ನನಗೆ ಊಟಕ್ಕೆ ಬಡಿಸಿ, ತಾನು ಉಣ್ಣದೆ ಎದ್ದುಹೋದಳು.

ನೀನು ನನ್ನನ್ನು ಕ್ಷಮಿಸಲು ಅವಸರ ಮಾಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿದೆ. ಅಯ್ಯೋ ಬಿಡಿ ದೊಡ್ಡಪ್ಪ ಎಂದು ಕಾಫಿ ಮಾಡಲು ಎದ್ದುಬಿಡುತ್ತೀಯ. ಈ ಸಲ ಏಳಬೇಡ. ಕೋಪ ಬಂದರೆ ಬರಲಿ, ನನ್ನ ಜೊತೆ ಮಾತು ಬಿಟ್ಟರೂ ಸರಿ. ನಾನು ಎದುರಿಗೆ ನಿಂತಿರುವಾಗಲೇ ಮೈಸೂರಿಗೆ ಫೋನ್ ಮಾಡಿ, ಬರುತ್ತೇನೆ ಅನ್ನು. ನನ್ನ ವಿಚಾರ ಆಮೇಲೆ ನೋಡಿಕೊಂಡರಾಯಿತು.